ಮಾವಿನ ಮಂಡಿಯಿಂದ ಮನೆಯ ತೊಟ್ಟಿಯವರೆಗೆ: ಕೋಲಾರ ಸೀಮೆಯ ಆರೋಗ್ಯ ತಪಾಸಣೆ

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಬಿಡುವೆಂಬುದೇ ಇರುವುದಿಲ್ಲ. ಬಾದಾಮಿ, ರಸಪುರಿ, ಮಲ್ಲಿಕಾ, ಆಮೇಲೆ ತೋತಾಪುರಿ. ಇಲ್ಲಿಂದ ಕಾಯಿ ಹೊರರಾಜ್ಯಗಳಿಗೂ ತಿರುಳು ತೆಗೆಯುವ ಕಾರ್ಖಾನೆಗಳಿಗೂ ಲಾರಿಗಳಲ್ಲಿ ಸಾಗುತ್ತದೆ. ತೋಟದಿಂದ ಬರುವುದು ಬಲಿತ ಕಾಯಿ, ಪೇಟೆಯ ಗ್ರಾಹಕ ಕೇಳುವುದು ಹಳದಿ ಬಣ್ಣದ ಹಣ್ಣು. ಈ ಎರಡರ ನಡುವಿನ ಕೆಲವೇ ದಿನಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ನುಸುಳುವ ಅಪಾಯವಿದೆ.

ಕಾರ್ಬೈಡ್ ಮೂಲತಃ ಗ್ಯಾಸ್ ವೆಲ್ಡಿಂಗ್‌ಗೆ ಬಳಕೆಯಾಗುವ ವಸ್ತು. ತೇವ ತಗುಲಿದೊಡನೆ ಅದರಿಂದ ಅಸಿಟಿಲೀನ್ ಅನಿಲ ಹೊಮ್ಮಿ ಹಣ್ಣಿನ ಸಿಪ್ಪೆಗೆ ಬೇಗನೆ ಬಣ್ಣ ಬರುತ್ತದೆ, ಒಳಗಿನ ತಿರುಳು ಮಾತ್ರ ಹುಳಿಯಾಗಿಯೇ ಉಳಿಯಬಹುದು. ಮಾರುಕಟ್ಟೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳೂ ಬೆರೆತಿರುತ್ತವೆ. ತಲೆಸುತ್ತು, ವಾಂತಿ, ನುಂಗಲು ಕಷ್ಟ, ಚರ್ಮದ ಹುಣ್ಣು ಇದರ ದುಷ್ಪರಿಣಾಮಗಳೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಎಚ್ಚರಿಸಿದೆ. ಮೊದಲ ಪೆಟ್ಟು ಬೀಳುವುದು ಗ್ರಾಹಕನಿಗಲ್ಲ, ಮುಚ್ಚಿದ ಕೊಠಡಿಯಲ್ಲಿ ಬರಿಗೈಯಲ್ಲಿ ಪೊಟ್ಟಣ ಇಡುವ ಕೂಲಿಯಾಳಿಗೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಈ ನಿಷೇಧ ಹೊಸದಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ನಿಯಮಗಳಲ್ಲಿಯೇ ಅದಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ರೂಪುಗೊಂಡು 2011ರ ಆಗಸ್ಟ್ 5ರಂದು ಜಾರಿಗೆ ಬಂದ ನಿಬಂಧನೆಗಳಲ್ಲಿಯೂ ಅದು ಮುಂದುವರಿಯಿತು. ಅದಕ್ಕೆ ಬದಲಾಗಿ ಎಥಿಲೀನ್ ಅನಿಲವನ್ನು ದಶಲಕ್ಷಕ್ಕೆ 100 ಭಾಗದವರೆಗೆ ಬಳಸಲು ಪ್ರಾಧಿಕಾರ 2016ರಲ್ಲಿ ಅವಕಾಶ ನೀಡಿತು. ಎಥಿಲೀನ್ ಹಣ್ಣು ತಾನಾಗಿಯೇ ಬಿಡುವ ಅನಿಲವೇ ಆದ್ದರಿಂದ ಈ ಅನುಮತಿ. ಆದರೆ ಅದಕ್ಕೆ ಹಣ್ಣು ಮಾಗಿಸುವ ಕೊಠಡಿ ಬೇಕು, ಬಂಡವಾಳ ಬೇಕು. ಕಾರ್ಬೈಡ್‌ಗೆ ಒಂದು ಕಾಗದದ ಚೂರು ಸಾಕು.

ತಪಾಸಣೆಯ ಹೊಣೆ ಆಹಾರ ಸುರಕ್ಷತಾಧಿಕಾರಿಗಳದು, ಜಿಲ್ಲಾ ಮಟ್ಟದಲ್ಲಿ ಅವರ ಮೇಲೆ ಅಂಕಿತಾಧಿಕಾರಿ ಇರುತ್ತಾರೆ. ಅಂಗಡಿ, ಗೋದಾಮು ಪ್ರವೇಶಿಸಲು, ಮಾಲು ವಶಪಡಿಸಿಕೊಳ್ಳಲು, ಮಾದರಿ ತೆಗೆಯಲು ಅವರಿಗೆ ಅಧಿಕಾರವಿದೆ. ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ಅವರು 14 ದಿನಗಳಲ್ಲಿ ವರದಿ ನೀಡಬೇಕು. ತೊಡಕಿರುವುದು ಇಲ್ಲಿಯೇ. ಮಾಗಿದ ಮಾವು 14 ದಿನ ಕಾಯುವುದಿಲ್ಲ. ಅನಿಲ ಹಾರಿಹೋದ ಮೇಲೆ ಹಣ್ಣಿನಲ್ಲಿ ಅದರ ಗುರುತು ಹಿಡಿಯುವುದೂ ಸುಲಭವಲ್ಲ. ಹೀಗಾಗಿ ಸಾಕ್ಷ್ಯ ಹಣ್ಣಿನಲ್ಲಿಗಿಂತ ಗೋದಾಮಿನಲ್ಲಿ ಸಿಗುವುದೇ ಹೆಚ್ಚು. ಹಣ್ಣಿನ ಕ್ರೇಟುಗಳ ಬಳಿ ಅಥವಾ ಅಂಗಡಿಯ ಆವರಣದಲ್ಲಿ ಕಾರ್ಬೈಡ್ ಸಿಕ್ಕರೆ ಅದನ್ನೇ ಸಾಂದರ್ಭಿಕ ಸಾಕ್ಷ್ಯವೆಂದು ಪರಿಗಣಿಸಿ ಮೊಕದ್ದಮೆ ಹೂಡಬಹುದೆಂದು 2025ರ ಮೇ ತಿಂಗಳಲ್ಲಿ ಪ್ರಾಧಿಕಾರ ಸ್ಪಷ್ಟಪಡಿಸಿದ್ದು ಈ ಕಾರಣಕ್ಕೇ. ಎಥೆಫಾನ್ ದ್ರಾವಣದಲ್ಲಿ ಹಣ್ಣನ್ನು ಅದ್ದಿ ತೆಗೆಯುವುದೂ ತಪ್ಪೆಂದು ಅದೇ ಸಂದರ್ಭದಲ್ಲಿ ಹೇಳಲಾಯಿತು.

ನೀರಿನ ವಿಚಾರದಲ್ಲಿ ಕಥೆ ಬೇರೆ. ನದಿಯಾಸರೆಯಿಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಶ್ರೀನಿವಾಸಪುರ, ಮುಳಬಾಗಿಲು ಸೇರಿದಂತೆ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಮಿತಿ ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ, ವರ್ಷಗಳು ಕಳೆದಂತೆ ಮೂಳೆ ಬಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಶುದ್ಧ ನೀರಿನ ಘಟಕವನ್ನು ಉದ್ಘಾಟಿಸಿದರೆ ಸಾಲದು, ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ನಲ್ಲಿಯಲ್ಲಿ ಬರುವುದು ಹಳೆಯ ನೀರೇ. ಪೊಟ್ಟಣ ಹಾಗೂ ಬಾಟಲಿ ನೀರನ್ನು ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಅಧಿಕ ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು.

ಮನೆ, ಚರಂಡಿ, ಹೋಟೆಲಿನ ಹಿತ್ತಲು ನಗರಸಭೆ-ಪುರಸಭೆಗಳ ಆರೋಗ್ಯ ನಿರೀಕ್ಷಕರ ವ್ಯಾಪ್ತಿಗೆ ಬರುತ್ತವೆ. ತೂಕದಲ್ಲಿ ಮೋಸವಾದರೆ ಹೋಗಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಹುಟ್ಟಲು ಎಡೆಮಾಡಿಕೊಡುವ ಮನೆಗಳಿಗೆ ನಗರದಲ್ಲಿ 400, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ ನಿಗದಿಯಾಯಿತು. ಕಟ್ಟಡ ಕಾಮಗಾರಿಯ ಸ್ಥಳ ಮತ್ತು ಖಾಲಿ ನಿವೇಶನಗಳಿಗೆ ದಂಡ ಇನ್ನೂ ಹೆಚ್ಚು. ಕಾರ್ಖಾನೆಗಳೂ ಇಟ್ಟಿಗೆ ಗೂಡುಗಳೂ ಇರುವ ಮಾಲೂರಿನಂತಹ ಕಡೆ ಈ ಅಂಶ ಮುಖ್ಯ. ನೀರು ತುಂಬಿದ ತೊಟ್ಟಿ, ಡ್ರಮ್ಮುಗಳು ಅಲ್ಲಿ ಕೆಲಸದ ಭಾಗವೇ ಆಗಿರುತ್ತವೆ.

ಅಧಿಕಾರಿ ಬರುವವರೆಗೆ ಗ್ರಾಹಕ ಕೈಕಟ್ಟಿ ಕುಳಿತಿರಬೇಕಿಲ್ಲ. 2006ರ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿ, ನಿಗದಿತ ಶುಲ್ಕ ಕಟ್ಟಿ, ಯಾವುದೇ ಖರೀದಿದಾರ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆಯ ಉಲ್ಲಂಘನೆ ಕಂಡುಬಂದರೆ ಆ ಶುಲ್ಕ ಮರಳಿ ಸಿಗುತ್ತದೆ.