ಸಾಸ್ ಇನ್ನೂ ಬೇಕೇ?

ಸಿಎಸ್‌ಎಸ್ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಬರ್ಟ್ ಬಾಸ್, ಅದಕ್ಕೆ ವೇರಿಯಬಲ್‌ಗಳು ಬೇಡವೇ ಬೇಡ ಎಂದು 2008ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಭಾಷೆ ಸರಳವಾಗಿಯೇ ಉಳಿಯಬೇಕು ಎಂಬುದು ಅವರ ಕಾಳಜಿ. ಅದು ತಪ್ಪೇನಲ್ಲ. ಆದರೆ ಒಂದು ಬಣ್ಣ ಬದಲಾದರೆ ನೂರು ಕಡೆ ತಿದ್ದಬೇಕಾದವರು ಎಷ್ಟು ದಿನ ಕಾದಾರು? ಹ್ಯಾಂಪ್ಟನ್ ಕ್ಯಾಟ್ಲಿನ್ ಅವರ ಸಾಸ್ 2006ರಲ್ಲೇ ಬಂದಿತ್ತು. 2009ರಲ್ಲಿ ಲೆಸ್ ಬಂತು.

ಈ ಪ್ರಿಪ್ರೊಸೆಸರ್‌ಗಳ ವೇರಿಯಬಲ್ ಬ್ರೌಸರ್ ತಲುಪುವ ಮೊದಲೇ ಅಳಿದುಹೋಗುತ್ತದೆ; ಅಲ್ಲಿಗೆ ಹೋಗುವುದು ಬರೀ ಬಣ್ಣ. ಫೈರ್‌ಫಾಕ್ಸ್ 2014ರಲ್ಲಿ, ಕ್ರೋಮ್ 2016ರಲ್ಲಿ ಅಳವಡಿಸಿಕೊಂಡ ಸಿಎಸ್‌ಎಸ್ ವೇರಿಯಬಲ್ ಹಾಗಲ್ಲ, ಅದು ಪುಟದೊಳಗೇ ಜೀವಂತವಾಗಿರುತ್ತದೆ. ಓದುಗರು ಡಾರ್ಕ್ ಮೋಡ್ ಒತ್ತಿದರೆ ನಾಲ್ಕಾರು ಬೆಲೆಗಳು ಬದಲಾಗಿ ಇಡೀ ಪುಟವೇ ಕಪ್ಪಾಗುತ್ತದೆ. ಸಾಸ್‌ನ ವೇರಿಯಬಲ್‌ಗೆ ಇದು ಎಂದೂ ಸಾಧ್ಯವಿರಲಿಲ್ಲ. ಒಂದು ನಿಯಮದೊಳಗೆ ಇನ್ನೊಂದನ್ನು ಬರೆಯುವ ನೆಸ್ಟಿಂಗ್ ಕೂಡ 2023ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆಲ್ಲ ಬಂತು.

ಹಾಗಾಗಿ ಹೊಸದಾಗಿ ಕಟ್ಟುವ ಸಣ್ಣ ತಾಣಕ್ಕೆ ಸಾಸ್ ಬೇಕಿಲ್ಲ. ಹಳೆಯ, ದೊಡ್ಡ ತಾಣಗಳ ಕತೆಯೇ ಬೇರೆ. ಲೂಪ್ ಹಾಕಿ ಹತ್ತಾರು ಕ್ಲಾಸ್‌ಗಳನ್ನು ಹುಟ್ಟಿಸುವುದು ಸಾಸ್‌ಗೆ ಸಲೀಸು. ಸಿಎಸ್‌ಎಸ್‌ನಲ್ಲಿ ಲೂಪ್ ಇಲ್ಲ. ತಾಯಿ ಕ್ಲಾಸ್‌ನ ಹೆಸರಿಗೆ ಬಾಲ ಅಂಟಿಸಿ ಹೊಸ ಹೆಸರು ಮಾಡುವ ಸಾಸ್‌ನ ಅಭ್ಯಾಸವೂ ಸಿಎಸ್‌ಎಸ್ ನೆಸ್ಟಿಂಗ್‌ನಲ್ಲಿ ನಡೆಯದು. ಅಂಥ ಕಡತಗಳನ್ನು ಬದಲಿಸಲು ಕೂತವರು ಒಂದೊಂದು ಹೆಸರನ್ನೂ ಪೂರ್ತಿಯಾಗಿ ಬಿಡಿಸಿ ಬರೆಯಬೇಕು.