ಮೈಸೂರಿನ ಚಿತ್ರಗಾರರು: ಚಿನ್ನದ ಕೆಲಸವೂ ಅಲೌಕಿಕ ರೂಪಗಳೂ

ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯು ವಲಸೆ ಬಂದವರ ಕಲೆ. 1565ರಲ್ಲಿ ರಕ್ಕಸತಂಗಡಿಯ ಯುದ್ಧಾನಂತರ ವಿಜಯನಗರವು ಹಾಳಾಗಲು, ಅಲ್ಲಿನ ಚಿತ್ರಗಾರ ಮನೆತನಗಳು ಆಶ್ರಯವನ್ನರಸಿ ಚದರಿದುವೆಂಬುದು ಪರಂಪರೆಯ ಮಾತು. ಅವುಗಳಲ್ಲಿ ಕೆಲವು, 1610ರಲ್ಲಿ ರಾಜ ಒಡೆಯರ ವಶವಾದ ಶ್ರೀರಂಗಪಟ್ಟಣವನ್ನು ಸೇರಿದುವು. 1799ರ ತರುವಾಯ ರಾಜಧಾನಿಯೊಡನೆ ಕಲೆಯೂ ಮೈಸೂರಿಗೆ ಬಂದಿತು.

ಈ ಚಿತ್ರಗಾರರ ವಿಶೇಷವಾದ ವಿದ್ಯೆಯು ಚಿನ್ನದ ಕೆಲಸ. ಸಫೇದದ ಬಿಳಿಪುಡಿಗೆ ಹಳದಿ ರಾಳವನ್ನೂ ಅಂಟನ್ನೂ ಬೆರೆಸಿ, ಸಣ್ಣ ಕುಂಚದಿಂದ ಆಭರಣ, ಸೆರಗು, ಪ್ರಭಾವಳಿಗಳನ್ನು ತುಸು ಉಬ್ಬುವಂತೆ ಬರೆದು, ಅದರ ಮೇಲೆ ಚಿನ್ನದ ತೆಳುರೇಕನ್ನು ಅಂಟಿಸುವರು. ತಂಜಾವೂರಿನ ಉಬ್ಬು ದಪ್ಪವಾದುದು, ಮೈಸೂರಿನದು ತೆಳುವಾದುದು. ಆದುದರಿಂದ ಇಲ್ಲಿ ಚಿನ್ನವು ಮುಖಭಾವವನ್ನು ಮರೆಮಾಡದು.

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಈ ಕಲೆಯು ಉನ್ನತಿಗೇರಿತು. 1831ರಲ್ಲಿ ಆಂಗ್ಲರು ರಾಜ್ಯಾಡಳಿತವನ್ನು ಕೈಗೆ ತೆಗೆದುಕೊಂಡರು. ಅಧಿಕಾರವು ಹೋದ ಮೇಲೆ ಅರಸರಿಗೆ ಉಳಿದುದು ವಿದ್ಯಾಕಲೆಗಳ ಸಾಮ್ರಾಜ್ಯ. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯು ಒಂಬತ್ತು ನಿಧಿಗಳಲ್ಲಿ ದೇವತಾರೂಪಗಳನ್ನು ಸಂಗ್ರಹಿಸಿದೆ. ಬಹುಶಿರಗಳು, ಬಹುಭುಜಗಳು, ಮೃಗಮುಖಗಳು, ಕಣ್ಣಿಗೆ ಕಾಣದ ತತ್ತ್ವಗಳಿಗೆ ಕೊಟ್ಟ ದೇಹಗಳು ಅಲ್ಲಿವೆ. ‘ಕೌತುಕನಿಧಿ’ಯೆಂಬ ಭಾಗದಲ್ಲಿ ಯೋಗಾಸನಗಳ ಚಿತ್ರಗಳೂ ಉಂಟು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲಿನ ‘ಸಂತಾನಾಂಬುಜ’ದಲ್ಲಿ ರಾಜವಂಶವೇ ತಾವರೆಯಾಗಿ ಅರಳಿದೆ.

1924ರಲ್ಲಿ ಪ್ಯಾರಿಸ್ಸಿನಲ್ಲಿ ಘೋಷಿತವಾದ ಅತಿವಾಸ್ತವ ಪಂಥಕ್ಕೆ ಇವು ಹೋಲುವುವೆಂದು ಕೆಲವರಿಗೆ ತೋರಬಹುದು. ಹೋಲಿಕೆಯು ಹೊರಗಿನದು. ಆ ಪಂಥದವರು ತಮ್ಮ ತಮ್ಮ ಸ್ವಪ್ನಗಳನ್ನು ನಂಬಿದರು. ನಮ್ಮ ಚಿತ್ರಗಾರನು ಧ್ಯಾನಶ್ಲೋಕವನ್ನು ನಂಬಿದನು. ನರಸಿಂಹನ ಮುಖವು ಲೋಕದಲ್ಲಿ ಇಲ್ಲದುದು. ಅವನ ಕೊರಳಿನ ಹಾರವಾದರೋ ಬೆರಳಿಗೆ ತಾಕುವಂತೆ ಉಬ್ಬಿ, ದೀಪದ ಬೆಳಕಿಗೆ ಮಿನುಗುವುದು. ಕಾಣದ ದೇವರು ಎದುರಿಗಿರುವನೆಂಬ ಪ್ರತ್ಯಯವನ್ನು ಉಂಟುಮಾಡುವುದು ಈ ಚಿನ್ನವೇ.

ಗ್ರಂಥಕ್ಕೆ ಅರಸರ ಹೆಸರುಂಟು. ಬರೆದ ಕೈಗಳಲ್ಲಿ ಬಹುಪಾಲು ಅನಾಮಧೇಯ. ಚಿತ್ರಗಾರ ಮನೆತನದಲ್ಲಿಯೇ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಕೆ. ವೆಂಕಟಪ್ಪನವರು ತಮ್ಮ ಹೆಸರಿನಿಂದಲೇ ಪ್ರಸಿದ್ಧರಾದರು. ಅವರ ಹಿರಿಯರ ತಲೆಮಾರುಗಳಿಗೆ ಆ ಭಾಗ್ಯವಿರಲಿಲ್ಲ. 2005ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು ದೊರೆಯಿತು. ಹೀಗೆ ಊರಿನ ಹೆಸರು ಕಾನೂನಿನ ರಕ್ಷಣೆಯನ್ನು ಪಡೆಯಿತು. ಊರಿಗೆ ಆ ಕಲೆಯನ್ನು ತಂದವರ ಹೆಸರುಗಳನ್ನು ಹುಡುಕುವ ಕಾರ್ಯವು ಸಂಶೋಧಕರ ಪಾಲಿಗೆ ಉಳಿದಿದೆ.