ರಾಯರ್ ಮೇಷ್ಟ್ರ ಡ್ರಮ್ಮು, ಬ್ಯೂಗಲ್ಲು

ಸಾಂಟಾ ಕ್ಲಾರಾ ಅಂದ ಕೂಡಲೇ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ನೆನಪಾಗೋದು ಇಂಟೆಲ್. ಕ್ಯಾಲಿಫೋರ್ನಿಯಾದ ಆ ಊರಿಗೆ ಇನ್ನೊಂದು ಹೆಮ್ಮೆಯಿದೆ: ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್. ಬ್ಯೂಗಲ್, ಡ್ರಮ್, ಬಾವುಟ ಹಿಡಿದ ಹುಡುಗ ಹುಡುಗಿಯರು ಮೈದಾನದ ತುಂಬ ಹೆಜ್ಜೆ ಹಾಕುತ್ತಲೇ ನುಡಿಸುವ ತಂಡ.

1967ರಲ್ಲಿ ಅದು ಶುರುವಾದಾಗಿನಿಂದ 1992ರವರೆಗೆ ನಡೆಸಿದವರು ಗೇಲ್ ರಾಯರ್ (ನಮ್ಮ ರಾಯರಲ್ಲ ಸ್ವಾಮಿ!). ಮೂಲತಃ ಶಾಲೆಯ ಸಂಗೀತ ಮೇಷ್ಟ್ರು. ಅವರ ಕಾಲದಲ್ಲಿ 1973, 74, 78, 81 ಮತ್ತು 89ರಲ್ಲಿ ತಂಡ ಡಿಸಿಐ ಚಾಂಪಿಯನ್. 1988ರಲ್ಲಿ 'ಫ್ಯಾಂಟಮ್ ಆಫ್ ದಿ ಆಪೆರಾ' ನುಡಿಸಿ ಎರಡನೇ ಸ್ಥಾನ ಬಂತು. ಮೇಷ್ಟ್ರು ಬಿಡಲಿಲ್ಲ. ಮರುವರ್ಷವೂ ಅದನ್ನೇ ನುಡಿಸಿ ಗೆದ್ದರು!

ಇಂಥ ತಂಡ ಕಟ್ಟೋದು ನೀರಲ್ಲಿ ಗೋಡೆ ಕಟ್ಟಿದ ಹಾಗೆ. ವಯಸ್ಸು ಸುಮಾರು 22 ಆಯಿತೋ, ಎಂಥ ವಾದಕನಾದರೂ ಹೊರಗೆ. ಉಳಿಯೋದು ಶಿಸ್ತು, ಅಭ್ಯಾಸ ಮಾತ್ರ. ರಾಯರ್ 1993ರಲ್ಲಿ ತೀರಿಕೊಂಡರು. 2018ರಲ್ಲಿ ತಂಡ ಮತ್ತೆ ಗೆದ್ದಾಗ, ಮೈದಾನದಲ್ಲಿದ್ದ ಒಬ್ಬರೂ ಅವರು ಬದುಕಿದ್ದಾಗ ಹುಟ್ಟೇ ಇರಲಿಲ್ಲ!

2023ರಲ್ಲಿ ಹಣದ ಮುಗ್ಗಟ್ಟಿನಿಂದ ತಂಡ ಕಣಕ್ಕಿಳಿಯಲಿಲ್ಲ. 2024ರಲ್ಲಿ ಮರಳಿ ಬಂತು. ಕಟ್ಟಿದವರು ಹೋದ ಮೇಲೂ ನಡೆಯುವ ಸಿಸ್ಟಮ್ ಅಂದರೆ ಇದೇ ಅಲ್ವಾ? ಏನಂತೀರಿ?